ಗೌಂಡಿಯ ಹೆಸರು

‘ಕೃತಜ್ಞತೆ’ ಎಂಬ ಮಾತನ್ನು ನಾವು ತುಂಬ ಸಲೀಸಾಗಿ ಬಳಸುತ್ತೇವೆ. ಸಭೆಯ ಕೊನೆಗೆ ವಂದನಾರ್ಪಣೆಗೆ ಎದ್ದು ನಿಂತವರ ಬಾಯಲ್ಲಿ ಅದು ಹತ್ತು ಸಲ ಬಂದುಹೋಗುತ್ತದೆ. ಕೇಳುವವರು ಅಷ್ಟರಲ್ಲಿ ಚಪ್ಪಲಿ ಹುಡುಕುತ್ತಿರುತ್ತಾರೆ. ಆದರೆ ಪದದ ಒಳಹೊಕ್ಕು ನೋಡಿದರೆ ಅಲ್ಲಿ ವಂದನೆಯ ಸೊಲ್ಲೇ ಇಲ್ಲ. ‘ಕೃತ’ ಎಂದರೆ ಮಾಡಿದ್ದು, ‘ಜ್ಞ’ ಎಂದರೆ ಬಲ್ಲವನು. ತನಗಾಗಿ ಯಾರು ಏನು ಮಾಡಿದರೆಂಬುದನ್ನು ತಿಳಿದವನೇ ಕೃತಜ್ಞ. ಮೊದಲು ತಿಳಿವು; ನಮಸ್ಕಾರ ಆಮೇಲಿನದು.

ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥವರ ಬಳಿಗೆ ಬರುವ ತಂದೆತಾಯಿಗಳ ದೂರುಗಳಲ್ಲಿ ಒಂದು ಬಹಳ ಹಳೆಯದು. “ಮಕ್ಕಳಿಗಿ ಎಲ್ಲಾ ಕೊಟ್ಟೀವ್ರಿ ಸರ, ಅವರಿಗಿ ಅದರ ಕಿಮ್ಮತ್ತೇ ಗೊತ್ತಿಲ್ರಿ” ಎನ್ನುತ್ತಾರೆ. ದೂರಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ಬೈದು ಕೃತಜ್ಞತೆಯನ್ನು ಕಲಿಸಿದವರು ಯಾರಾದರೂ ಉಂಟೆ? ಉಂಡ ಮನೆಯ ಜಂತಿ ಎಣಿಸಬೇಡ ಎಂಬ ಗಾದೆಯನ್ನು ಎಷ್ಟು ಸಲ ಹೇಳಿದರೂ, ತಾನು ಉಂಡದ್ದು ಯಾರ ದುಡಿಮೆಯ ಅನ್ನವೆಂದು ಅರಿಯದ ಹುಡುಗ ಜಂತಿ ಎಣಿಸದೆ ಬಿಡುವುದಿಲ್ಲ. ಆದ್ದರಿಂದ ಈ ವಾರ ಉಪದೇಶವನ್ನು ಬದಿಗಿರಿಸಿ, ಕುಟುಂಬ ಮತ್ತು ವಿದ್ಯೆ ಎಂಬ ಎರಡನ್ನೂ ಕಳೆದುಕೊಳ್ಳುವ ಅಂಚಿಗೆ ಹೋಗಿ ಅವುಗಳ ಬೆಲೆಯನ್ನು ಕಂಡುಕೊಂಡ ಒಬ್ಬಾತನ ಕಥೆಯನ್ನು ಹೇಳುತ್ತೇನೆ.

ಆತನ ಹೆಸರು ಪ್ರೀಮೋ ಲೆವಿ. ಇಟಲಿಯ ಟ್ಯೂರಿನ್ ನಗರದ ಒಂದು ಯೆಹೂದ್ಯ ಮನೆತನದಲ್ಲಿ ೧೯೧೯ರ ಜುಲೈ ೩೧ರಂದು ಹುಟ್ಟಿದವನು. ತಂದೆ ಇಂಜಿನಿಯರು, ಓದಿನ ಹುಚ್ಚು ಹತ್ತಿದ ಮನುಷ್ಯ. ಮನೆಯಲ್ಲಿ ತಾಯಿ, ಒಬ್ಬಳು ತಂಗಿ. ಈ ಪತ್ರಿಕೆಯನ್ನು ಓದುವ ಅನೇಕರ ಮನೆಗಳಂಥದೇ ಮನೆ ಎನ್ನಬಹುದು. ಹುಡುಗ ರಸಾಯನಶಾಸ್ತ್ರವನ್ನು ಆರಿಸಿಕೊಂಡು ವಿಶ್ವವಿದ್ಯಾನಿಲಯವನ್ನು ಸೇರಿದ. ಅಷ್ಟರಲ್ಲಿ, ೧೯೩೮ರಲ್ಲಿ, ಮುಸೊಲಿನಿಯ ಸರ್ಕಾರ ಯೆಹೂದ್ಯರ ವಿರುದ್ಧ ಕಾನೂನುಗಳನ್ನು ಹೊರಡಿಸಿತು. ಯೆಹೂದ್ಯ ಮಕ್ಕಳು ಸರ್ಕಾರಿ ಶಾಲೆಗಳನ್ನು ಬಿಡಬೇಕಾಯಿತು. ಯೆಹೂದ್ಯ ಅಧ್ಯಾಪಕರು ಕೆಲಸವನ್ನು ಕಳೆದುಕೊಂಡರು. ಆಗಲೇ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದವರು ಓದನ್ನು ಮುಗಿಸಿಕೊಳ್ಳಬಹುದೆಂಬ ಸಣ್ಣ ಸಡಿಲಿಕೆ ಇದ್ದುದರಿಂದ ಲೆವಿಯ ವಿದ್ಯೆ ಉಳಿಯಿತು. ಆದರೂ ಅವನ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಲು ಪ್ರಾಧ್ಯಾಪಕರು ಹಿಂಜರಿದರು. ಕೊನೆಗೆ ೧೯೪೧ರಲ್ಲಿ ಪೂರ್ಣ ಅಂಕಗಳೊಡನೆ, ಪ್ರಶಂಸೆಯೊಡನೆ ತೇರ್ಗಡೆಯಾದ. ಪದವಿಪತ್ರದಲ್ಲಿ ಅವನು ‘ಯೆಹೂದ್ಯ ಜನಾಂಗದವನು’ ಎಂದೂ ಬರೆದಿತ್ತು. ಮರುವರ್ಷ ತಂದೆ ತೀರಿಕೊಂಡರು.

೧೯೪೩ರಲ್ಲಿ ಜರ್ಮನ್ನರು ಉತ್ತರ ಇಟಲಿಯನ್ನು ಆಕ್ರಮಿಸಿದಾಗ ಲೆವಿ ಪ್ರತಿಭಟನೆಯ ಒಂದು ಸಣ್ಣ ಗುಂಪಿನೊಡನೆ ಬೆಟ್ಟಗಳನ್ನು ಸೇರಿದ. ಡಿಸೆಂಬರ್ ೧೩ರಂದು ಸೆರೆ ಸಿಕ್ಕಿದ. ೧೯೪೪ರ ಫೆಬ್ರವರಿ ೨೨ರಂದು ಆರುನೂರೈವತ್ತು ಮಂದಿಯನ್ನು ಸರಕಿನ ಡಬ್ಬಿಗಳಲ್ಲಿ ತುಂಬಿಕೊಂಡು ಹೊರಟ ರೈಲಿನಲ್ಲಿ ಅವನೂ ಇದ್ದ. ಡಬ್ಬಿಗಳಲ್ಲಿ ಮುದುಕರಿದ್ದರು, ಬಾಣಂತಿಯರಿದ್ದರು, ಹಾಲುಗೂಸುಗಳಿದ್ದವು. ರೈಲು ನಿಂತದ್ದು ಪೋಲೆಂಡಿನ ಆಷ್‌ವಿಟ್ಸ್‌ನಲ್ಲಿ. ದುಡಿಮೆಗೆ ಬಾರದವರೆಂದು ಕಂಡ ಐನೂರಕ್ಕೂ ಹೆಚ್ಚು ಜನ ಎರಡೇ ದಿನಗಳಲ್ಲಿ ಹತರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಕೊಂದ ಯೆಹೂದ್ಯರು ಸುಮಾರು ಅರವತ್ತು ಲಕ್ಷ ಮಂದಿ. ಲೆವಿ ಬಂದ ರೈಲಿನವರಲ್ಲಿ ಜೀವಸಹಿತ ಮರಳಿದವರು ಇಪ್ಪತ್ತರ ಆಸುಪಾಸು.

ಶಿಬಿರದಲ್ಲಿ ಬಟ್ಟೆ, ಕೂದಲು, ಚಪ್ಪಲಿ ಎಲ್ಲವನ್ನೂ ಕಿತ್ತುಕೊಂಡ ಮೇಲೆ ಹೆಸರನ್ನೂ ಕಿತ್ತುಕೊಂಡರು. ಎಡಗೈಯ ಮೇಲೆ ೧೭೪೫೧೭ ಎಂಬ ಸಂಖ್ಯೆಯನ್ನು ಹಚ್ಚೆ ಚುಚ್ಚಿದರು. ಅಂದಿನಿಂದ ಅದೇ ಅವನ ಹೆಸರು. ಆ ಸಂಖ್ಯೆಯನ್ನು ತೋರಿಸಿದರೆ ರೊಟ್ಟಿ, ತಿಳಿಸಾರು. ಇಲ್ಲವಾದರೆ ಅದೂ ಇಲ್ಲ.

ಇಂಥ ಕಡೆ ವಿದ್ಯೆ ಏನು ಮಾಡಬಲ್ಲದು? ಲೆವಿಯ ಅನುಭವ ಎರಡು ಬಗೆಯದು. ಶಿಬಿರದ ಪಕ್ಕದಲ್ಲಿ ಕೃತಕ ರಬ್ಬರಿನ ದೊಡ್ಡ ಕಾರ್ಖಾನೆಯೊಂದು ಏಳುತ್ತಿತ್ತು. ಅದಕ್ಕೆ ರಸಾಯನಶಾಸ್ತ್ರ ಬಲ್ಲವರು ಬೇಕಾಗಿದ್ದರು. ಹರಕು ಬಟ್ಟೆಯ, ಎಲುಬಿನ ಗೂಡಾಗಿದ್ದ ಲೆವಿಯನ್ನು ಪಾನ್‌ವಿಟ್ಸ್ ಎಂಬ ಡಾಕ್ಟರನೊಬ್ಬ ಮೇಜಿನ ಆಚೆ ಕುಳಿತು ಪರೀಕ್ಷಿಸಿದ. ಟ್ಯೂರಿನ್ನಿನಲ್ಲಿ ಕಲಿತದ್ದೆಲ್ಲ ಹಸಿದ ತಲೆಯಿಂದ ಒಂದೊಂದಾಗಿ ಎದ್ದು ಬಂದಿತು. ಆ ಪರೀಕ್ಷೆಯ ಫಲವಾಗಿ ಆ ವರ್ಷದ ಕೊನೆಯಲ್ಲಿ, ಕಡುಚಳಿಯ ದಿನಗಳಲ್ಲಿ, ಬಯಲಿನ ಕೂಲಿ ತಪ್ಪಿ ಪ್ರಯೋಗಶಾಲೆಯ ಒಳಗಿನ ಕೆಲಸ ಸಿಕ್ಕಿತು. ಜೀವ ಉಳಿಯಲು ಅದೂ ಒಂದು ಕಾರಣ. ಹೀಗೆ ತಂದೆ ಓದಿಸಿದ ಓದು ಮಗನನ್ನು ಕಾಯಿತು.

ಆದರೆ ಅದೇ ದಿನದ ಇನ್ನೊಂದು ಸಂಗತಿಯನ್ನೂ ಲೆವಿ ಮರೆಯಲಿಲ್ಲ. ಪರೀಕ್ಷೆ ಮುಗಿದು ಹಿಂದಿರುಗುವಾಗ ಜೊತೆಗಿದ್ದ ಮೇಲ್ವಿಚಾರಕನ ಕೈಗೆ ಎಣ್ಣೆಯ ಜಿಡ್ಡು ಮೆತ್ತಿತು. ಅವನು ಕೋಪವೂ ಇಲ್ಲದೆ, ತಮಾಷೆಯೂ ಇಲ್ಲದೆ, ಆ ಕೈಯನ್ನು ಲೆವಿಯ ಹೆಗಲಿಗೆ ಒರೆಸಿಕೊಂಡ, ನಾವು ಕೈಯನ್ನು ಮಸಿಬಟ್ಟೆಗೆ ಒರೆಸುವಂತೆ. ಪರೀಕ್ಷೆ ಮಾಡಿದ ಡಾಕ್ಟರನಾದರೂ ಓದಿದವನೇ. ಅವನ ಕಣ್ಣಿಗೂ ಎದುರಿಗೆ ನಿಂತವನು ಮನುಷ್ಯನಾಗಿ ಕಾಣಲಿಲ್ಲ. ಕೆಲಸಕ್ಕೆ ಬರುವ ಅಥವಾ ಬಾರದ ಒಂದು ಪದಾರ್ಥವಾಗಿ ಕಂಡ. ವಿದ್ಯೆ ಜೀವ ಉಳಿಸಬಲ್ಲದು ನಿಜ. ಮನುಷ್ಯನನ್ನು ಮನುಷ್ಯನೆಂದು ನೋಡುವ ಕಣ್ಣನ್ನು ಅದು ತಾನಾಗಿಯೇ ಕೊಡುವುದಿಲ್ಲ.

ಕಾವ್ಯದ ಪಾಠ ಹೇಳುವ ನನಗೆ ಲೆವಿಯ ಕಥೆಯ ಇನ್ನೊಂದು ಪ್ರಸಂಗ ಪ್ರಿಯವಾದುದು. ಒಂದು ದಿನ ಅವನೂ ಜಾನ್ ಎಂಬ ಫ್ರೆಂಚ್ ಹುಡುಗನೂ ಸಾರಿನ ಭಾರವಾದ ಹಂಡೆಯನ್ನು ತರಲು ಹೊರಟರು. ಜಾನನಿಗೆ ಇಟಲಿಯ ಭಾಷೆ ಕಲಿಯುವ ಆಸೆ. ಲೆವಿಗೆ ಥಟ್ಟನೆ ನೆನಪಾದದ್ದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಡಾಂಟೆ ಮಹಾಕವಿಯ ಕಾವ್ಯದಲ್ಲಿ ಯೂಲಿಸಿಸನ ಕೊನೆಯ ಯಾನದ ಭಾಗ. ಅವಸರ ಅವಸರವಾಗಿ ಹೇಳತೊಡಗಿದ. ಕೆಲವು ಸಾಲುಗಳು ಬಂದವು, ಕೆಲವು ಕೈಕೊಟ್ಟವು. ಮರೆತ ಸಾಲುಗಳನ್ನು ಕೂಡಿಸಿಕೊಳ್ಳಲು ಅಂದಿನ ಸಾರನ್ನೇ ಬಿಟ್ಟುಕೊಟ್ಟೇನೆಂದು ಅವನಿಗೆ ಅನ್ನಿಸಿತಂತೆ. ಆ ಶಿಬಿರದಲ್ಲಿ ಒಂದು ಹೊತ್ತಿನ ಸಾರೆಂದರೆ ಒಂದು ದಿನದ ಆಯುಸ್ಸು. ‘ಹಳಗನ್ನಡ ಪದ್ಯವನ್ನು ಬಾಯಿಪಾಠ ಮಾಡಿದರೆ ಏನು ಬಂತು?’ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಕೊಡುವ ಉತ್ತರ ಇದೊಂದೇ. ಏನು ಬಂತೆಂಬುದು ಇಂದು ಗೊತ್ತಾಗದು. ಎಲ್ಲವೂ ಹೋದಮೇಲೆ ಉಳಿಯುವುದು ಯಾವುದೆಂದು ಯಾರಿಗೆ ಗೊತ್ತು?

ಇನ್ನು ಈ ಕಥೆಯ ನಿಜವಾದ ನಾಯಕನ ಮಾತು. ಆತ ಪಂಡಿತನಲ್ಲ. ಲೊರೆಂಜೊ ಪೆರ್ರೋನೆ ಎಂಬ ಗೌಂಡಿ. ಗೋಡೆ ಕಟ್ಟುವ ಗಾರೆಕೆಲಸದವನು. ಓದುಬರಹ ಅಷ್ಟಾಗಿ ಬಾರದು, ಮಾತೂ ಕಡಮೆ. ಅವನು ಕೈದಿಯಲ್ಲ, ಇಟಲಿಯ ಒಂದು ಸಂಸ್ಥೆಯ ಕೂಲಿಯಾಗಿ ಅಲ್ಲಿಗೆ ಬಂದಿದ್ದವನು. ೧೯೪೪ರ ಜೂನ್ ತಿಂಗಳಲ್ಲಿ ಲೆವಿಯ ಪರಿಚಯವಾಯಿತು. ಅಲ್ಲಿಂದ ಆ ವರ್ಷದ ಕೊನೆಯ ತನಕ, ಆರು ತಿಂಗಳು, ದಿನವೂ ತನ್ನ ಪಾಲಿನಲ್ಲಿ ಉಳಿಸಿದ ಸಾರನ್ನು ಲೆವಿಗೆ ತಂದುಕೊಟ್ಟ. ತೇಪೆ ಹಾಕಿದ ಒಂದು ಒಳಅಂಗಿಯನ್ನು ಕೊಟ್ಟ. ಲೆವಿಯ ಪರವಾಗಿ ಇಟಲಿಗೆ ಒಂದು ಕಾಗದ ಬರೆದು ಹಾಕಿ, ಬಂದ ಉತ್ತರವನ್ನೂ ತಂದುಮುಟ್ಟಿಸಿದ. ಸಿಕ್ಕಿಬಿದ್ದರೆ ಅವನೂ ಕೈದಿಯಾಗುತ್ತಿದ್ದ. ಪ್ರತಿಫಲವನ್ನು ಕೇಳಲಿಲ್ಲ. ಹಸಿದವನಿಗೆ ಉಣಬಡಿಸುವುದರಲ್ಲಿ ವಿಶೇಷವೇನೂ ಅವನಿಗೆ ಕಂಡಂತಿಲ್ಲ.

ತಾನು ಬದುಕಿ ಉಳಿದದ್ದು ಲೊರೆಂಜೊವಿನಿಂದ ಎಂದು ಲೆವಿ ಬರೆದಿದ್ದಾನೆ. ಸಾರಿನಿಂದ ಎಂಬುದಕ್ಕಿಂತ ಹೆಚ್ಚಾಗಿ, ಒಳ್ಳೆಯತನ ಇನ್ನೂ ಲೋಕದಲ್ಲಿದೆಯೆಂದು ಆತನ ಇರವು ದಿನವೂ ನೆನಪಿಸುತ್ತಿದ್ದುದರಿಂದ ಎಂಬುದು ಅವನ ಅಭಿಪ್ರಾಯ. ತಾನೂ ಒಬ್ಬ ಮನುಷ್ಯನೆಂಬುದನ್ನು ಮರೆಯದಂತೆ ಮಾಡಿದವನು ಆ ಗೌಂಡಿ. ಡಾಕ್ಟರನಿಗೆ ಕಾಣದೆ ಹೋದದ್ದು ಗೌಂಡಿಗೆ ಕಂಡಿತ್ತು.

೧೯೪೫ರ ಜನವರಿ ೨೭ರಂದು ರಷ್ಯನ್ ಸೈನಿಕರು ಶಿಬಿರವನ್ನು ತಲುಪಿದರು. ಕೆಂಪುಜ್ವರದಿಂದ ಆಸ್ಪತ್ರೆಯ ಗುಡಿಸಿಲಲ್ಲಿ ಬಿದ್ದಿದ್ದ ಲೆವಿ ಬದುಕಿದ್ದ. ಹಲವು ದೇಶಗಳನ್ನು ಸುತ್ತಿ ಟ್ಯೂರಿನ್ ಮುಟ್ಟಿದಾಗ ಅಕ್ಟೋಬರ್ ೧೯. ಊದಿಕೊಂಡ ಮೈ, ಬೆಳೆದ ಗಡ್ಡ, ಹರಕು ಬಟ್ಟೆ. ಬಾಗಿಲು ಬಡಿದ ಮನೆ ಹುಟ್ಟಿದ ಮನೆಯೇ. ಅದು ನಿಂತಿತ್ತು, ತಾಯಿ ಇದ್ದರು, ತಂಗಿ ಇದ್ದಳು. ಲಕ್ಷಾಂತರ ಜನಕ್ಕೆ ಮರಳಿ ಹೋಗಲು ಮನೆಯಾಗಲಿ, ಕಾಯುವ ತಾಯಿಯಾಗಲಿ ಉಳಿದಿರಲಿಲ್ಲ. ತನಗೆ ಉಳಿದದ್ದೆಷ್ಟು ಎಂಬುದನ್ನು ಲೆವಿ ಬಲ್ಲ. ಆಮೇಲೆ ಬಣ್ಣದ ಕಾರ್ಖಾನೆಯೊಂದರಲ್ಲಿ ರಸಾಯನತಜ್ಞನಾಗಿ ದುಡಿದ, ಮದುವೆಯಾದ, ಪುಸ್ತಕಗಳನ್ನು ಬರೆದ. ಬಾಳೆಲ್ಲ ಕಳೆದದ್ದು ಆ ಮನೆಯಲ್ಲೇ. ತಾಯಿ ತೊಂಬತ್ತು ದಾಟುವ ತನಕ ನೋಡಿಕೊಂಡದ್ದೂ ಅಲ್ಲಿಯೇ.

೧೯೪೮ರಲ್ಲಿ ಮಗಳು ಹುಟ್ಟಿದಳು. ಲೀಸಾ ಲೊರೆಂಜಾ ಎಂದು ಹೆಸರಿಟ್ಟ. ೧೯೫೭ರಲ್ಲಿ ಮಗ ಹುಟ್ಟಿದ. ರೆಂಜೊ ಎಂದು ಹೆಸರಿಟ್ಟ. ಎರಡೂ ಆ ಗೌಂಡಿಯ ಹೆಸರೇ. ಹೆಸರನ್ನೇ ಕಳೆದುಕೊಂಡು ಅಂಕೆಯಾಗಿದ್ದವನು, ತನ್ನನ್ನು ಹೆಸರುಳ್ಳ ಮನುಷ್ಯನಾಗಿ ಉಳಿಸಿದವನ ಹೆಸರನ್ನು ಮಕ್ಕಳಿಗಿಟ್ಟು ಮನೆಯಲ್ಲಿ ದಿನವೂ ಕೂಗುವಂತೆ ಮಾಡಿಕೊಂಡ. ಲೊರೆಂಜೊ ಮಾತ್ರ ಸುಖಪಡಲಿಲ್ಲ. ಕಂಡ ನೋಟಗಳನ್ನು ತಾಳಲಾರದೆ ಕುಡಿತಕ್ಕೆ ಬಿದ್ದ. ಲೆವಿ ಅವನನ್ನು ಹುಡುಕಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರೂ ಕ್ಷಯರೋಗದಿಂದ ೧೯೫೨ರಲ್ಲಿ ತೀರಿಕೊಂಡ.

ವಿದ್ಯೆಯ ಋಣವನ್ನೂ ಲೆವಿ ತೀರಿಸಿದ. ನೂರಕ್ಕೂ ಹೆಚ್ಚು ಶಾಲೆಗಳಿಗೆ ಹೋಗಿ ಮಕ್ಕಳ ಎದುರು ನಿಂತು ಕಂಡದ್ದನ್ನು ಹೇಳಿದ. ಒಮ್ಮೆ ಐದನೆಯ ತರಗತಿಯ ಹುಡುಗನೊಬ್ಬ ಕಪ್ಪುಹಲಗೆಯ ಮೇಲೆ ಶಿಬಿರದ ನಕ್ಷೆಯನ್ನು ಬರೆಸಿಕೊಂಡು, ತಪ್ಪಿಸಿಕೊಳ್ಳುವ ಉಪಾಯವನ್ನು ವಿವರಿಸಿ, ಇನ್ನೊಮ್ಮೆ ಹೀಗಾದರೆ ಹಾಗೆ ಮಾಡಿರೆಂದು ಆತನಿಗೇ ಬುದ್ಧಿ ಹೇಳಿದನಂತೆ. ಲೆವಿ ಅದನ್ನೂ ತಾಳ್ಮೆಯಿಂದ ಕೇಳಿ ಬರೆದಿಟ್ಟ. ೧೯೮೭ರ ಏಪ್ರಿಲ್ ೧೧ರಂದು ಅದೇ ಮನೆಯ ಮಹಡಿಯ ಮೆಟ್ಟಿಲುಗಳ ನಡುವಿನಿಂದ ಕೆಳಗೆ ಬಿದ್ದು ಅಸುನೀಗಿದ. ಆತ್ಮಹತ್ಯೆಯೆಂದು ಅಧಿಕಾರಿಗಳು ತೀರ್ಮಾನಿಸಿದರು, ಒಪ್ಪದವರೂ ಉಂಟು. ಕೃತಜ್ಞತೆ ಎಲ್ಲ ಗಾಯಗಳಿಗೂ ಮದ್ದೆಂದು ಹೇಳುವುದು ಸುಲಭ. ಲೆವಿಯ ಬಾಳು ಹಾಗೆ ಹೇಳಗೊಡುವುದಿಲ್ಲ. ಗಾಯ ಮಾಯದಿದ್ದರೂ ಋಣವನ್ನು ಮರೆಯದೆ ಇರಬಹುದೆಂಬುದನ್ನು ಅದು ತೋರಿಸುತ್ತದೆ.

ಈ ಗೌಂಡಿಯ ಕಥೆಯನ್ನು ಸೇಡಂ, ಚಿತ್ತಾಪುರದ ಕಡೆಯ ತರಗತಿಯಲ್ಲಿ ಹೇಳುವಾಗ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ನಮ್ಮದು ಕಲ್ಲಿನ ಸೀಮೆ. ಶಹಾಬಾದಿನ ಫರಸಿ ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿದೆ. ವಾಡಿಯ ಸುಣ್ಣದ ಕಲ್ಲು ಸಿಮೆಂಟಾಗಿ ದೇಶದ ಗೋಡೆಗಳಲ್ಲಿ ಸೇರಿದೆ. ನನ್ನ ಎದುರಿನ ಬೆಂಚುಗಳಲ್ಲಿ ಕೂರುವವರಲ್ಲಿ ಕಲ್ಲು ಕಡಿಯುವವರ, ಗೌಂಡಿಗಳ, ತೊಗರಿ ಬೆಳೆಯುವವರ ಮಕ್ಕಳೇ ಹೆಚ್ಚು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಅವರು.

ಅವರಲ್ಲಿ ಒಬ್ಬ ಮುಧೋಳದ ಕಡೆಯವನು. ರನ್ನ ಹುಟ್ಟಿದ ಮುಧೋಳ ಬಾಗಲಕೋಟೆಯ ಸೀಮೆಯದು. ನಮ್ಮದು ಸೇಡಂ ತಾಲ್ಲೂಕಿನ, ತೆಲಂಗಾಣದ ಗಡಿಯ ಕಡೆಯ ಮುಧೋಳ. ವಿದ್ಯಾರ್ಥಿವೇತನದ ಅರ್ಜಿಗೆ ತಂದೆಯ ಸಹಿ ಬೇಕಾಗಿ, ಗಣಿಯಲ್ಲಿ ಕೂಲಿ ಮಾಡುವ ತಂದೆ ಕಾಲೇಜಿಗೆ ಬಂದರು. ಮೈಮೇಲೆ ಕಲ್ಲಿನ ಬಿಳಿಯ ಧೂಳು ಇನ್ನೂ ಇತ್ತು. “ನಂಗ ಸಹಿ ಮಾಡ್ಲಿಕ್ ಬರಲ್ರಿ ಸರ, ಹೆಬ್ಬಟ್ಟು ನಡೀತದೇನ್ರಿ?” ಎಂದು ನನ್ನನ್ನು ಕೇಳಿದರು. ಪಕ್ಕದಲ್ಲಿದ್ದ ಗೆಳೆಯ ‘ಯಾರಿವರು?’ ಎಂದದ್ದಕ್ಕೆ ಹುಡುಗ “ನಮ್ಮೂರವರು” ಎಂದ. ತಂದೆಗೆ ಅದು ಕೇಳಿಸಿತೋ ಇಲ್ಲವೋ, ಹೆಬ್ಬೆರಳಿಗೆ ಹತ್ತಿದ ಮಸಿಯನ್ನು ಧೋತರದ ಅಂಚಿಗೆ ಒರೆಸಿಕೊಳ್ಳುತ್ತಿದ್ದರು.

ಹುಡುಗ ಕೆಟ್ಟವನಲ್ಲ. ವಿದ್ಯೆ ಕೊಡುವ ಮೊದಲ ಫಲಗಳಲ್ಲಿ ನಾಚಿಕೆಯೂ ಒಂದು. ಅದನ್ನು ದಾಟಿಸುವುದು ಮೇಷ್ಟರ ಕೆಲಸ. ನಾನು ಅವನನ್ನು ಗದರಿಸಲಿಲ್ಲ. ಕೆಲವು ದಿನಗಳ ಮೇಲೆ ಪಾಠದ ನಡುವೆ ಲೊರೆಂಜೊವಿನ ಕಥೆಯನ್ನು ಎಲ್ಲರಿಗೂ ಹೇಳಿದೆ. ಅವನು ಏನೂ ಅನ್ನಲಿಲ್ಲ. ಮೊದಲ ವರ್ಷದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಕಡೆ ಖಾಲಿ ಬಿಟ್ಟಿದ್ದ. ಮರುವರ್ಷದ ಅರ್ಜಿಯಲ್ಲಿ ‘ಕಲ್ಲು ಗಣಿಯಲ್ಲಿ ಕೂಲಿ’ ಎಂದು ದುಂಡಾದ ಅಕ್ಷರಗಳಲ್ಲಿ ಬರೆದಿದ್ದ. ಕಥೆಯ ಫಲವೋ, ಒಂದು ವರ್ಷ ದೊಡ್ಡವನಾದ ಫಲವೋ, ಹೇಳಲಾರೆ.

ಓದದವರ ದುಡಿಮೆಯ ಮೇಲೆ ಓದು ನಿಲ್ಲುವುದು ನಮ್ಮ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿತ್ತು. ೧೦೫೮ರ ಶಾಸನ ಅಲ್ಲಿಯ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸಿ, ಅವರ ಜೀವನಕ್ಕೆ ನೆಲವನ್ನು ದಾನವಾಗಿ ಬಿಟ್ಟುಕೊಟ್ಟ ಸಂಗತಿಯನ್ನು ಹೇಳುತ್ತದೆ. ಆ ನೆಲವನ್ನು ಉತ್ತವರು ಯಾರು? ಪುಸ್ತಕ ಬಿಚ್ಚಿದವರ ಅನ್ನ ನೇಗಿಲು ಹಿಡಿದವರ ಕೈಯಿಂದಲೇ ಬರಬೇಕಲ್ಲವೆ? ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವಾದರೋ ಓದು ಕಲಿಯದ ಕನ್ನಡಿಗರ ಜಾಣ್ಮೆಯನ್ನು ಮನಸಾರೆ ಕೊಂಡಾಡಿತು. ಪಂಡಿತ ಪಾಮರನಿಗೆ ಸಲ್ಲಿಸಿದ ಗೌರವ ಅದು.

ಕುಟುಂಬವನ್ನು ಕಳೆದುಕೊಂಡವರ ನೆನಪೂ ನಮ್ಮ ಸೀಮೆಗೆ ದೂರದ್ದಲ್ಲ. ಆಷ್‌ವಿಟ್ಸ್‌ನೊಡನೆ ಯಾವುದನ್ನೂ ಹೋಲಿಸುವುದು ಸಲ್ಲದು. ಆದರೆ ಉರಿದ ಮನೆಯ ಮುಂದೆ ನಿಂತ ಮಗುವಿಗೆ ಲೆಕ್ಕಾಚಾರ ತಿಳಿಯದು. ೧೯೪೮ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ರಜಾಕಾರರ ಹಾವಳಿಯಲ್ಲಿ ಎಷ್ಟೋ ಹಳ್ಳಿಗಳು ಸುಟ್ಟವು. ಸೆಪ್ಟೆಂಬರ್ ೧೭ರಂದು ಸಂಸ್ಥಾನ ಭಾರತದ ವಶವಾದಮೇಲೆ ನಡೆದ ಹಿಂಸೆಯಲ್ಲಿ ಮುಸಲ್ಮಾನ ಕುಟುಂಬಗಳು ನೊಂದವು. ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಎಣಿಸಿದವುಗಳಲ್ಲಿ ಕಲಬುರಗಿ, ಬೀದರಗಳೂ ಇದ್ದವು. ತಾಯಿಯನ್ನು ಕಳೆದುಕೊಂಡ ಮಗುವಿನ ಅಳು ಯಾವ ಮನೆಯಲ್ಲಿಯೂ ಒಂದೇ.

ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ೧೯೪೨ರಲ್ಲಿ ಹುಟ್ಟಿದ ಒಬ್ಬ ಹುಡುಗ ಆ ವರ್ಷದ ಬೆಂಕಿಯಲ್ಲಿ ತಾಯಿಯನ್ನೂ ಸೋದರಿಯನ್ನೂ ಕಳೆದುಕೊಂಡ. ಉಳಿದ ತಂದೆ ಮಗನನ್ನು ಕರೆದುಕೊಂಡು ಕಲಬುರಗಿ ಸೇರಿ, ಎಂ.ಎಸ್.ಕೆ. ಗಿರಣಿಯಲ್ಲಿ ದುಡಿದು ಓದಿಸಿದರು. ಹುಡುಗ ನೂತನ ವಿದ್ಯಾಲಯದಲ್ಲಿ ಕಲಿತು, ಮುಂದೆ ಕಾನೂನು ಓದಿ ವಕೀಲನಾಗಿ, ಅದೇ ಗಿರಣಿಯ ಕಾರ್ಮಿಕರ ಸಂಘಕ್ಕೆ ಕಾನೂನಿನ ಸಲಹೆಗಾರನಾದ. ಆತನೇ ೧೯೭೨ರಲ್ಲಿ ವಿಧಾನಸಭೆಯನ್ನೂ, ೨೦೦೮ರಲ್ಲಿ ನಮ್ಮ ಚಿತ್ತಾಪುರದಿಂದ ಗೆಲುವನ್ನೂ ಕಂಡ ಮಲ್ಲಿಕಾರ್ಜುನ ಖರ್ಗೆಯವರು. ಅವರ ರಾಜಕೀಯವನ್ನು ಒಪ್ಪುವುದು, ಬಿಡುವುದು ಓದುಗರಿಗೆ ಸೇರಿದ್ದು. ಇಲ್ಲಿ ನನಗೆ ಬೇಕಾದದ್ದು ಆ ತಂದೆಯ ಗಿರಣಿಯ ದುಡಿಮೆ. ಒಬ್ಬರ ಕೂಲಿ ಇನ್ನೊಬ್ಬರ ಓದಾಗುವ ರೀತಿಗೆ ಅದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಆ ಸಂಸ್ಥಾನದಲ್ಲಿ ಪ್ರೌಢಶಾಲೆಯ ಓದು ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ ಆಡುವ ಹುಡುಗನಿಗೆ ಶಾಲೆಯ ಹೊಸ್ತಿಲಲ್ಲೇ ಮಾತು ಕಟ್ಟುತ್ತಿತ್ತು. ಇಂದು ಕನ್ನಡದ ಶಾಲೆ ಊರೂರಿಗೂ ಬಂದಿದೆ. ಆದರೂ ೨೦೨೫ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಕಡೆಯ ಸ್ಥಾನದಲ್ಲಿ ನಿಂತಿತು. ಸಿಕ್ಕ ಓದಿಗೆ ಕೃತಜ್ಞತೆಯೆಂದರೆ ಸಿಗದವರ ಕಡೆಗೆ ತಿರುಗಿ ನೋಡುವುದೂ ಆಗಿದೆ. ಕಾಲೇಜು ಓದಿದ ಮನೆಯ ಹುಡುಗಿಯೊಬ್ಬಳು ಮನೆಗೆಲಸದವರ ಮಗುವಿಗೆ ಸಂಜೆ ಅರ್ಧ ಗಂಟೆ ಲೆಕ್ಕ ಹೇಳಿಕೊಟ್ಟರೆ ಲೆವಿ ಶಾಲೆಗಳಿಗೆ ಹೋದದ್ದಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ.

ಮಕ್ಕಳಿಗೆ ಬೆಲೆ ತಿಳಿಯದೆಂದು ದೂರುವ ತಂದೆತಾಯಿಗಳಿಗೆ ನನ್ನ ಸಣ್ಣ ಸಲಹೆ ಇಷ್ಟು. ‘ನಿನಗಾಗಿ ನಾವು ಎಷ್ಟು ಪಟ್ಟೆವು’ ಎಂಬುದನ್ನು ಕೆಲವು ದಿನ ನಿಲ್ಲಿಸಿ, ‘ನಮಗಾಗಿ ಯಾರು ಪಟ್ಟರು’ ಎಂಬುದನ್ನು ಹೇಳಿ. ನಿಮ್ಮ ಪರೀಕ್ಷೆಯ ಶುಲ್ಕಕ್ಕೆ ಬೆಂಡೋಲೆ ಒತ್ತೆಯಿಟ್ಟ ಸೋದರತ್ತೆ, ಊರಿನ ವಾರಾನ್ನದ ಮನೆ, ಪುಸ್ತಕ ಕಡ ಕೊಟ್ಟ ಮೇಷ್ಟರು, ತಮ್ಮನು ಓದಲೆಂದು ತಾನು ಶಾಲೆ ಬಿಟ್ಟ ಅಣ್ಣ. ಪ್ರತಿಯೊಂದು ಮನೆಯಲ್ಲಿಯೂ ಇಂಥವರು ಒಬ್ಬರಾದರೂ ಇರುತ್ತಾರೆ. ಅವರ ಹೆಸರುಗಳು ನಿಮ್ಮ ಮಕ್ಕಳಿಗೆ ಗೊತ್ತೆ? ಗೊತ್ತಿಲ್ಲದಿದ್ದರೆ ಇಂದಿನ ರಾತ್ರಿಯ ಊಟದ ಹೊತ್ತಿಗೆ ಒಂದು ಹೆಸರನ್ನು ಹೇಳಿ. ಅವರು ಬದುಕಿದ್ದರೆ, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗಿಬನ್ನಿ.